ಥಾಯ್ಲೆಂಡಿನ ರಾತ್ರಿ ಸಂತೆಗಳಲ್ಲಿ ಅಕ್ಕ, ಭಾವ ಮತ್ತು ನಾನು

ಅಕ್ಕ ಮಾಂಸ ಬಿಟ್ಟು ವರ್ಷಗಳಾದವು, ಮೊಟ್ಟೆಯೂ ಮುಟ್ಟುವುದಿಲ್ಲ. ಭಾವ ಎದುರಿಗೆ ಬಂದದ್ದನ್ನೆಲ್ಲ ತಿನ್ನುವವರು. ನಾನು ಇಬ್ಬರ ಮಧ್ಯೆ ಎಲ್ಲೋ ಇದ್ದೇನೆ. ಇಂಥ ಮೂವರು ರಾತ್ರಿ ಸಂತೆಗಳಲ್ಲೇ ತಿಂದುಕೊಂಡು ಥಾಯ್ಲೆಂಡ್ ಸುತ್ತುತ್ತೇವೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಅಕ್ಕನ ಬ್ಯಾಗಿಗೆ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ತುಂಬಿದರು. ಕೋಡುಬಳೆ ರೈಲಿನಲ್ಲಿ ಖರ್ಚಾಯಿತು. ಚಟ್ನಿಪುಡಿಯ ಡಬ್ಬಿ ತೆರೆಯದೆಯೇ ವಾಪಸ್ ಬಂತು.

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆ. ಟಿಕೆಟ್ಟು, ಹೋಟೆಲ್ಲು ಎಲ್ಲ ಫೋನಿನಲ್ಲೇ ಮುಗಿಯಿತು. ಅಕ್ಟೋಬರ್ ತಿಂಗಳು ಆರಿಸಿದ್ದು ಮಾತ್ರ ಬೇಕೆಂದೇ. ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ, ನಿಜ. ಆದರೆ ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಅಲ್ಲಿ 'ಜೇ' ಹಬ್ಬ. ಚೀನೀ ಮೂಲದವರು, ಅವರ ಜೊತೆಗೆ ಬೇಕಾದಷ್ಟು ಥಾಯ್ ಜನರೂ ಆ ದಿನಗಳಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ. ಹಬ್ಬದ ತಾರೀಕು ವರ್ಷವರ್ಷಕ್ಕೆ ಹಿಂದೆಮುಂದೆ ಆಗುತ್ತದೆ, ಕೆಲವು ಸಲ ಸೆಪ್ಟೆಂಬರ್ ಕೊನೆಗೇ ಬಂದುಬಿಡುತ್ತದೆ. ನೋಡಿಕೊಂಡು ಹೊರಡಬೇಕು.

ಗುರುವಾರ, ಬ್ಯಾಂಕಾಕಿನ ಯಾವರಾತ್

ಯಾವರಾತ್ ಅಂದರೆ ಬ್ಯಾಂಕಾಕಿನ ಚೈನಾಟೌನಿನ ಮುಖ್ಯ ರಸ್ತೆ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ಹಗಲು ಅಲ್ಲಿ ಚಿನ್ನದ ಅಂಗಡಿಗಳ ವ್ಯಾಪಾರ. ಸಂಜೆ ಅವು ಬಾಗಿಲು ಹಾಕುವ ಹೊತ್ತಿಗೆ ಅದೇ ಫುಟ್‌ಪಾತಿಗೆ ಒಲೆ, ಬಾಣಲೆ, ಸ್ಟೀಲ್ ಮೇಜುಗಳು ಬಂದು ಕೂರುತ್ತವೆ. 2019ರಲ್ಲಿ ವಾಟ್ ಮಂಗ್ಕೋನ್ ಮೆಟ್ರೋ ನಿಲ್ದಾಣ ಶುರುವಾದ ಮೇಲೆ ಟ್ಯಾಕ್ಸಿಯಲ್ಲಿ ಬಂದು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವ ಕಷ್ಟ ತಪ್ಪಿದೆ. ನಾವೂ ಅಲ್ಲೇ ಇಳಿದೆವು. ಮೇಲೆ ಬರುತ್ತಿದ್ದ ಹಾಗೆ ಕಣ್ಣಿಗೆ ಬಿದ್ದದ್ದು ಹಳದಿ. ಅಂಗಡಿ ಅಂಗಡಿಗೂ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಜೇ'. ಓದಲು ಬರದವರಿಗೆ ಅದು ದೂರದಿಂದ 17 ಅಂತ ಬರೆದಂತೆ ಕಾಣುತ್ತದೆ. ಅಕ್ಕನಿಗೆ ಅಷ್ಟು ಹೇಳಿಕೊಟ್ಟೆ. ಆಮೇಲೆ ಅವಳೇ ಮುಂದೆ, ನಾವು ಹಿಂದೆ.

ಬಿಳಿ ಬಟ್ಟೆ ಹಾಕಿಕೊಂಡವರು ಗುಂಪು ಗುಂಪಾಗಿ ದೇವಸ್ಥಾನದ ಕಡೆ ಹೋಗುತ್ತಿದ್ದರು. ಊದುಬತ್ತಿಯ ಹೊಗೆ, ಎಣ್ಣೆಯ ಹೊಗೆ, ಎರಡೂ ಬೆರೆತ ಸೆಕೆ. ಬಾವುಟ ಇದ್ದ ಕಡೆ ಮೀನು, ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. "ಇವರು ನಮಗಿಂತ ಮಡಿ ಕಣೋ" ಅಂದಳು ಅಕ್ಕ. ಹಾಲಿಲ್ಲ ಅಂದ ಮೇಲೆ ಕಿತ್ತಳೆ ಬಣ್ಣದ ಆ ಪ್ರಸಿದ್ಧ ಥಾಯ್ ಚಹಾ ಕೂಡ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಬೇರೆ ಅಂಗಡಿಯಲ್ಲಿ ಕುಡಿಯಬೇಕು.

ಅಕ್ಕನದು ಒಂದು ಪದ್ಧತಿ. ಆರ್ಡರ್ ಮಾಡುವ ಮೊದಲು ಪಕ್ಕದಲ್ಲಿ ನಿಂತು, ಒಂದು ಸಲ ಶುರುವಿನಿಂದ ಕೊನೆತನಕ ಮಾಡುವುದನ್ನು ನೋಡುತ್ತಾಳೆ. ಯಾವ ಬಾಟಲಿ ಎತ್ತಿದರು, ಯಾವ ಡಬ್ಬಿಯಿಂದ ಪುಡಿ ಹಾಕಿದರು, ಸೌಟು ಎಲ್ಲಿಂದ ಬಂತು, ಎಲ್ಲ. ಹೋಟೆಲಿನಲ್ಲಿ ಅಡುಗೆಮನೆಗೆ ಯಾರು ಬಿಡುತ್ತಾರೆ? ಸಂತೆಯಲ್ಲಿ ಅಡುಗೆಮನೆಯೇ ರಸ್ತೆಯಲ್ಲಿದೆ. ನಿಂತು ನೋಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕೆಲವರಂತೂ ಇನ್ನಷ್ಟು ಜೋರಾಗಿ ಬಾಣಲೆ ಎಗರಿಸಿ ತೋರಿಸುತ್ತಾರೆ.

ಹಳದಿ ನೂಡಲ್ಸನ್ನು ಕೋಸು, ಅಣಬೆ ಹಾಕಿ ಹುರಿದು ಕೊಡುವುದು ಈ ಹಬ್ಬದ ಖಾಯಂ ತಿಂಡಿ. ಅದು ಪಾಸಾಯಿತು. ಕೆಸುವಿನ ಗೆಡ್ಡೆ, ತೋಫು ಕರಿದು ಕಡಲೆಕಾಯಿ ಪುಡಿ ಬೆರೆಸಿದ ಸಿಹಿ ಸಾಸಿನ ಜೊತೆ ಕೊಡುತ್ತಿದ್ದರು, ಅದೂ ಪಾಸು. ಗಲಾಟೆ ಆಗಿದ್ದು ಬಾತುಕೋಳಿಯ ಹತ್ತಿರ. ಗೋಧಿಯ ಅಂಟಿನಿಂದ ಮಾಡಿದ ಬಾತುಕೋಳಿ ಅದು. ಚರ್ಮದ ಗೆರೆಗಳು ಸಮೇತ ಮಾಡಿಟ್ಟಿದ್ದರು. ಅಂಗಡಿಯ ಹುಡುಗ ಬಾವುಟ ತೋರಿಸಿ, ಎದೆ ಮುಟ್ಟಿಕೊಂಡು "ಜೇ, ಜೇ" ಅಂತ ಆಣೆ ಮಾಡಿದ. "ಕೋಳಿ ಬಿಟ್ಟು ಬಂದವಳಿಗೆ ಕೋಳಿಯ ವೇಷ ಯಾಕೆ ತೋರಿಸ್ತಾನೆ?" ಅಂತ ಅಕ್ಕ ಮುಖ ತಿರುಗಿಸಿದಳು. ಭಾವ ಆ ತಟ್ಟೆ ಮುಗಿಸಿ, "ಇದಕ್ಕಿಂತ ನಿಜವಾದದ್ದೇ ವಾಸಿ" ಅಂದರು. ಇಬ್ಬರಿಗೂ ಹಿಡಿಸಲಿಲ್ಲ. ನನಗೆ ಪರವಾಗಿಲ್ಲ ಅನಿಸಿತು.

ಕೊನೆಗೆ ಎಳ್ಳಿನ ಉಂಡೆ. ಅಂಟಕ್ಕಿ ಹಿಟ್ಟಿನ ಬಿಳಿ ಉಂಡೆ, ಒಳಗೆ ಕಪ್ಪೆಳ್ಳಿನ ಹೂರಣ, ಸುತ್ತ ಬಿಸಿಬಿಸಿ ಶುಂಠಿ ನೀರು. ಶುಂಠಿ ಗಂಟಲಿಗೆ ಹತ್ತುತ್ತಿದೆ ಅನ್ನುವಾಗ ಉಂಡೆ ಬಾಯಲ್ಲಿ ಒಡೆದು ಎಳ್ಳು ಹೊರಗೆ ಬರುತ್ತದೆ. ಸೆಕೆಯಲ್ಲಿ ಬೆವರುತ್ತ ಅದನ್ನು ಕುಡಿಯುವುದು ಹುಚ್ಚುತನ ಅಂದುಕೊಂಡಿದ್ದೆ. ಅಕ್ಕ ಇನ್ನೊಂದು ಬಟ್ಟಲು ತರಿಸಿದಳು. ಯಾವರಾತ್‌ಗೆ ಸೋಮವಾರ ಮಾತ್ರ ಹೋಗಬೇಡಿ, ಬಹಳಷ್ಟು ಗಾಡಿಗಳು ಅವತ್ತು ರಜ.

ಶುಕ್ರವಾರ, ಹೂವು ಮತ್ತು ರೈಲು

ಹಗಲಿಡೀ ಮಳೆ ಬರುವ ಹಾಗೆ ಮಾಡಿ ಬರಲಿಲ್ಲ. ಪಾಕ್ ಖ್ಲೋಂಗ್ ಹೂವಿನ ಮಾರುಕಟ್ಟೆಗೆ ಹೋಗಿ ಚೆಂಡುಹೂವಿನ ರಾಶಿ ನೋಡಿಕೊಂಡು ಬಂದೆವು. ಅಲ್ಲೇ ಒಬ್ಬಳ ಹತ್ತಿರ ಮಾವಿನಹಣ್ಣು-ಅಂಟನ್ನ ತೆಗೆದುಕೊಂಡೆವು. ತೆಂಗಿನ ಹಾಲಿನಲ್ಲಿ ಕಲಸಿದ ಅನ್ನ, ಮೇಲೆ ಸ್ವಲ್ಪ ಉಪ್ಪು ಹಾಕಿದ ತೆಂಗಿನ ಕೆನೆ, ಹುರಿದ ಹೆಸರುಬೇಳೆ. ಅನ್ನಕ್ಕೆ ಅಕ್ಕ ಪೂರ್ತಿ ಅಂಕ ಕೊಟ್ಟಳು. ಹಣ್ಣಿಗೆ ಕೊಡಲಿಲ್ಲ. ಅಕ್ಟೋಬರ್ ಅಲ್ಲೂ ಮಾವಿನ ಕಾಲವಲ್ಲ, ಮಾರ್ಚ್‌ನಿಂದ ಮೇ ಒಳಗೆ ತಿನ್ನಬೇಕಂತೆ. ಬಾದಾಮಿ ಮಾವು ತಿಂದು ಬೆಳೆದವರ ಹತ್ತಿರ ಆ ಮಾತು ಮುಂದುವರಿಸುವುದು ಬೇಡ ಅಂತ ನಾನೂ ಸುಮ್ಮನಾದೆ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ ಜಾಸ್ತಿ ಕೀಳುತ್ತವೆ. ಹಾಗಾಗಿ ಒಂದೇ ಸಲ ದೊಡ್ಡ ಮೊತ್ತ ತೆಗೆಯುವುದು ಒಳ್ಳೆಯದು. ಆದರೆ ಬರುವುದು 1,000ದ ನೋಟು, ಅದನ್ನು 20 ಬಾತ್ ತಿಂಡಿಯವಳ ಮುಂದೆ ಹಿಡಿದರೆ ಪಾಪ ಅವಳೇನು ಮಾಡುತ್ತಾಳೆ? ಸೆವೆನ್ ಇಲೆವೆನ್ ಅಂಗಡಿಯಲ್ಲಿ ಒಂದು ನೀರಿನ ಬಾಟಲಿ ತೆಗೆದುಕೊಂಡರೆ ಚಿಲ್ಲರೆ ಸಿಗುತ್ತದೆ. ಊರಿನವರೆಲ್ಲ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ. ನಮ್ಮಂಥವರಿಗೆ ನೋಟೇ ಗತಿ.

ಸಂಜೆ ಕ್ರುಂಗ್ ಥೇಪ್ ಅಪಿವಾಟ್ ನಿಲ್ದಾಣದಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು, ಸುಮಾರು 745 ಕಿಲೋಮೀಟರ್. ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಕಟ್ಟಿಸಿಕೊಂಡದ್ದೆಲ್ಲ ಪಾಲಿಥೀನ್ ಚೀಲಗಳಲ್ಲಿತ್ತು. ಸಾರು, ಪಲ್ಯ, ಸಿಹಿ, ಐಸ್ ಚಹಾ, ಎಲ್ಲವನ್ನೂ ಚೀಲಕ್ಕೆ ಹಾಕಿ, ಗಾಳಿ ತುಂಬಿಸಿ, ಬಾಯಿಗೆ ರಬ್ಬರ್ ಬ್ಯಾಂಡು ಸುತ್ತಿ ಕೊಡುತ್ತಾರೆ. ಆ ಬ್ಯಾಂಡ್ ಬಿಚ್ಚುವುದಕ್ಕೆ ಒಂದು ಕೈಚಳಕ ಬೇಕು. ಭಾವ ಚಲಿಸುವ ರೈಲಿನಲ್ಲಿ ಹಲ್ಲಿನಿಂದ ಬಿಚ್ಚಲು ಹೋದರು. ಅರ್ಧ ಸಾರು ಅಂಗಿಗೆ ಬಿತ್ತು. ಎದುರು ಸೀಟಿನ ಅಜ್ಜಿ ತನ್ನ ಚೀಲ ತೆಗೆದು, ಬ್ಯಾಂಡಿನ ಸಿಕ್ಕಿದ ತುದಿ ಹಿಡಿದು ಒಂದೇ ಎಳೆತಕ್ಕೆ ಬಿಚ್ಚಿ ತೋರಿಸಿದಳು. ಆಮೇಲೆ ಮತ್ತೆ ಕಟ್ಟಿ ಮತ್ತೆ ಬಿಚ್ಚಿದಳು, ಭಾವ ಕಲಿಯುವ ತನಕ ಬಿಡಲಿಲ್ಲ.

ಶನಿವಾರ, ವುವಾ ಲಾಯ್ ರಸ್ತೆಯಲ್ಲಿ ಮಳೆ

ಬೆಳಿಗ್ಗೆ ಚಿಯಾಂಗ್ ಮಾಯ್. ಹಳೆ ಊರಿನ ಸುತ್ತ ಚೌಕಾಕಾರದ ಕಂದಕ, ಅದರ ದಡದಲ್ಲಿ ಮರಗಳು, ಅಲ್ಲಲ್ಲಿ ಇಟ್ಟಿಗೆ ಕೋಟೆಯ ತುಂಡು. ಓಡಾಟಕ್ಕೆ ಕೆಂಪು ಸೋಂಗ್‌ಥ್ಯೂ ಗಾಡಿಗಳಿವೆ. ಹಿಂದೆ ಎರಡು ಬೆಂಚು, ಕೈ ತೋರಿಸಿದರೆ ನಿಲ್ಲುತ್ತವೆ. ಹತ್ತುವ ಮೊದಲೇ ದರ ಕೇಳಿಕೊಂಡರೆ ಆಯಿತು.

ಶನಿವಾರದ ಸಂತೆ ಕೋಟೆಯ ದಕ್ಷಿಣಕ್ಕೆ, ವುವಾ ಲಾಯ್ ರಸ್ತೆಯಲ್ಲಿ. ಇದು ಬೆಳ್ಳಿ ಕೆಲಸದವರ ಕೇರಿ. ಇಲ್ಲೇ ವಾಟ್ ಶ್ರೀ ಸುಪಾನ್ ಅನ್ನುವ ದೇವಸ್ಥಾನವಿದೆ, ಅದರ ದೀಕ್ಷಾ ಮಂದಿರಕ್ಕೆ ಅಡಿಯಿಂದ ಮುಡಿಯವರೆಗೆ ಬೆಳ್ಳಿ, ಅಲ್ಯೂಮಿನಿಯಂ ತಗಡಿನ ಕುಸುರಿ. ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ ಅಂತ ಬೋರ್ಡು. ಅಕ್ಕ ಬೋರ್ಡನ್ನು ಪೂರ್ತಿ ಓದಿದಳು. "ಒಳಗೆ ಹೋಗಿ ಬನ್ನಿ, ಕಸ ಗುಡಿಸೋದು ಯಾರು ಅಂತ ಕೇಳ್ಕೊಂಡು ಬನ್ನಿ" ಅಂತ ಭಾವನಿಗೆ ಹೇಳಿದಳು. ಭಾವ ಒಳಗೆ ಹೋಗಲಿಲ್ಲ.

ಅಲ್ಲಿಂದ ಹೊರಗೆ ಬಂದು ಹತ್ತು ನಿಮಿಷಕ್ಕೆ ಮಳೆ ಸುರಿಯಿತು. ತುಂತುರು ಗಿಂತುರು ಏನಿಲ್ಲ, ಒಂದೇ ಸಲ. ಸಂತೆಯವರಿಗೆ ಇದು ಹೊಸತಲ್ಲ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಇಡೀ ರಸ್ತೆಯ ಮೇಲೆ ಪ್ಲಾಸ್ಟಿಕ್ ಹಾಸು ಎದ್ದವು. ಒಲೆಗಳಿಗೆ ಕೊಡೆ ಬಂತು. ನಾವು ಪಪ್ಪಾಯಿ ಕೋಸಂಬರಿಯ, ಅಂದರೆ ಸೋಮ್ ತಮ್ ಮಾಡುವವಳ ಗಾಡಿಯ ಕೆಳಗೆ ನುಗ್ಗಿದೆವು. ನೀರು ಕಣಕಾಲಿಗೆ ಬಂತು. ಭಾವನ ಒಂದು ಚಪ್ಪಲಿ ತೇಲಿಕೊಂಡು ಹೊರಟಿತು. ಮೂರು ಅಂಗಡಿ ಆಚೆ ಟೀಶರ್ಟ್ ಮಾರುವ ಹುಡುಗ ಅದನ್ನು ಕಾಲಿನಿಂದ ತಡೆದು, ಎತ್ತಿ ಗಾಳಿಯಲ್ಲಿ ಆಡಿಸಿ "ಯಾರದು?" ಅಂತ ಕೂಗಿದ. ಎಲ್ಲರೂ ನಕ್ಕರು, ಚಪ್ಪಲಿ ಕೈಯಿಂದ ಕೈಗೆ ವಾಪಸ್ ಬಂತು.

ಮಳೆ ನಿಲ್ಲುವ ತನಕ ಬೇರೆ ಕೆಲಸವಿರಲಿಲ್ಲ. ಅಕ್ಕ ಸೋಮ್ ತಮ್ ಮಾಡುವುದನ್ನು ಮೂರು ನಾಲ್ಕು ಸಲ ನೋಡಿದಳು. ಮಣ್ಣಿನ ಒರಳು, ಮರದ ಒನಕೆ. ಬೆಳ್ಳುಳ್ಳಿ, ಸೂಜಿ ಮೆಣಸಿನಕಾಯಿ, ತಾಳೆ ಬೆಲ್ಲ, ಉದ್ದನೆಯ ಅಲಸಂದೆಕಾಯಿ, ಟೊಮೇಟೊ, ನಿಂಬೆ, ಆಮೇಲೆ ಸಣ್ಣಗೆ ಹೆಚ್ಚಿದ ಪಪ್ಪಾಯಿಕಾಯಿ. ಎಲ್ಲ ನಮ್ಮದೇ ಸಾಮಾನು ಅನಿಸುತ್ತಿದ್ದಾಗ ಒಣ ಸೀಗಡಿ ಬಿತ್ತು. ಆಮೇಲೆ ಬಾಟಲಿಯಿಂದ ಮೀನಿನ ರಸ. ಆಮೇಲೆ ಒಂದು ಜಾಡಿಯಿಂದ ಕಂದು ಬಣ್ಣದ, ಕೊಳೆಸಿದ ಮೀನಿನ ನೀರು. ಅದರ ವಾಸನೆಗೆ ಭಾವ ಕೂಡ ಒಂದು ಹೆಜ್ಜೆ ಮಳೆಗೆ ಸರಿದರು.

ನನ್ನ ಫೋನಿನಲ್ಲಿ ಹೋಟೆಲಿನ ಹುಡುಗಿ ಥಾಯ್‌ನಲ್ಲಿ ಬರೆದುಕೊಟ್ಟ ನಾಲ್ಕು ಸಾಲಿತ್ತು. ಮಾಂಸ ಬೇಡ, ಮೊಟ್ಟೆ ಬೇಡ, ಮೀನಿನ ರಸ ಬೇಡ, ಸೀಗಡಿ ಬೇಡ. ಬರೀ 'ವೆಜಿಟೇರಿಯನ್' ಅಂದರೆ ಸಾಲದು. ಮೀನಿನ ರಸ ಅವರಿಗೆ ಉಪ್ಪಿನ ಜಾಗದಲ್ಲಿದೆ, ಅದನ್ನು ಬೇರೆಯಾಗಿ ಹೇಳಲೇಬೇಕು. 'ಜೇ' ಅಂದರೆ ಹಬ್ಬವಿಲ್ಲದ ದಿನಗಳಲ್ಲೂ ತಕ್ಷಣ ಅರ್ಥವಾಗುತ್ತದೆ. ಸೋಮ್ ತಮ್ ಮಾಡುವವಳು ಓದಿದಳು, ತಲೆಯಾಡಿಸಿದಳು, ಸೋಯಾ ಸಾಸಿನ ಬಾಟಲಿ ಎತ್ತಿ ತೋರಿಸಿದಳು. ಅಕ್ಕ ಒರಳನ್ನು ತೋರಿಸಿದಳು. ಅದರ ತಳದಲ್ಲಿ ಹಿಂದಿನ ಸೀಗಡಿ ಇನ್ನೂ ಅಂಟಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳು ನಗುತ್ತ ಒರಳನ್ನೇ ಎತ್ತಿ, ಪ್ಲಾಸ್ಟಿಕ್ ಹಾಸಿನ ಅಂಚಿಂದ ಧಾರೆಯಾಗಿ ಬೀಳುತ್ತಿದ್ದ ಮಳೆನೀರಿಗೆ ಹಿಡಿದಳು. ಆಮೇಲೆ ಬಾಟಲಿ ನೀರಲ್ಲಿ ಇನ್ನೊಮ್ಮೆ ತೊಳೆದಳು. ಅಕ್ಕನ ಪಾಲಿನ ಕೋಸಂಬರಿ ಬಂತು. ಖಾರಕ್ಕೆ ಅವಳ ಕಣ್ಣಲ್ಲಿ ನೀರು. "ಮಳೆಯದ್ದು" ಅಂದಳು.

ಭಾನುವಾರ, ರಾಚದಮ್ನೋನ್

ಭಾನುವಾರದ ಸಂತೆ ದೊಡ್ಡದು. ಹಳೆ ಊರಿನ ನಡುವೆ, ಥಾ ಪೇ ಬಾಗಿಲಿನಿಂದ ವಾಟ್ ಪ್ರಾ ಸಿಂಗ್ ದೇವಸ್ಥಾನದವರೆಗೆ ರಾಚದಮ್ನೋನ್ ರಸ್ತೆ ಪೂರ್ತಿ ವಾಹನಕ್ಕೆ ಬಂದ್. ಐದು ಗಂಟೆಗೇ ಹೋಗಬೇಕು. ಏಳರ ನಂತರ ನೀವು ನಡೆಯುವುದಿಲ್ಲ, ಜನವೇ ನಿಮ್ಮನ್ನು ನಡೆಸುತ್ತಾರೆ. ರಸ್ತೆಯ ಮೇಲೆ ಬಟ್ಟೆ, ಮರದ ಗೊಂಬೆ, ಸೋಪು, ಚಿತ್ರ ಜಾಸ್ತಿ. ತಿನ್ನುವುದು ಇರುವುದು ರಸ್ತೆಯ ಎರಡೂ ಕಡೆಯ ದೇವಸ್ಥಾನಗಳ ಅಂಗಳದಲ್ಲಿ. ಇದು ಗೊತ್ತಿಲ್ಲದೆ ರಸ್ತೆಯಲ್ಲೇ ಸುತ್ತಿ ಹಸಿದುಕೊಂಡು ಹೋಗುವವರನ್ನು ನೋಡಿದೆವು. ಕೂರಲು ಜಾಗ, ಶೌಚಾಲಯ ಎಲ್ಲ ಆ ಅಂಗಳಗಳಲ್ಲೇ.

ಅಕ್ಕ ಒಂದು ಗಾಡಿಯ ಮುಂದೆ ಸ್ತಬ್ಧಳಾಗಿ ನಿಂತಳು. "ಪಡ್ಡು!" ಅಂದಳು. ಹಂಚು ಥೇಟ್ ನಮ್ಮ ಪಡ್ಡಿನ ಹಂಚು. ಗುಳಿ ಗುಳಿಗೆ ಹಿಟ್ಟು ಹೊಯ್ಯುವ ಕೈಯೂ ಹಾಗೇ. ಹೆಸರು ಖನೋಮ್ ಕ್ರೋಕ್. ಅಕ್ಕಿ ಹಿಟ್ಟು, ತೆಂಗಿನ ಹಾಲು. ಮೊದಲು ತೆಳ್ಳಗಿನ ಹಿಟ್ಟು, ಅದು ಅಂಚಿನಲ್ಲಿ ಗರಿಯಾಗುತ್ತಿದ್ದ ಹಾಗೆ ಮೇಲೆ ದಪ್ಪ ಸಿಹಿ ತೆಂಗಿನ ಹಾಲು, ಅದರ ಮೇಲೆ ಜೋಳದ ಕಾಳೋ, ಕೆಸುವಿನ ಗೆಡ್ಡೆಯ ಚೂರೋ, ಈರುಳ್ಳಿ ಸೊಪ್ಪೋ. ತಿರುವಿ ಹಾಕುವುದಿಲ್ಲ. ಎರಡು ಅರ್ಧಗಳನ್ನು ಎಬ್ಬಿಸಿ, ಒಂದರ ಮೇಲೊಂದು ಕೂರಿಸಿ ಕೊಡುತ್ತಾರೆ. ಒಳಗೆ ಇನ್ನೂ ಕೆನೆ ಕೆನೆ, ತುಂಬಾ ಬಿಸಿ. ತಕ್ಷಣ ಬಾಯಿಗೆ ಹಾಕಿದರೆ ನಾಲಿಗೆ ಹೋಯಿತು ಅಂತಲೇ. ಮಾಡುತ್ತಿದ್ದ ಹೆಂಗಸಿಗೆ ಅಕ್ಕ ಫೋನಿನಲ್ಲಿ ನಮ್ಮ ಮನೆಯ ಪಡ್ಡಿನ ಫೋಟೊ ತೋರಿಸಿದಳು. ಅವಳು ಫೋಟೊ ದೊಡ್ಡದು ಮಾಡಿ, ಪಕ್ಕದಲ್ಲಿದ್ದ ಕೆಂಪು ಚಟ್ನಿ ನೋಡಿ, ಏನದು ಅಂತ ಕೈಸನ್ನೆ ಮಾಡಿದಳು. ಮೆಣಸಿನಕಾಯಿ ಅಂದಾಗ ಹುಬ್ಬೇರಿಸಿದಳು. ಸಿಹಿ ತಿಂಡಿಗೆ ಯಾರಾದರೂ ಖಾರ ಹಚ್ಚುತ್ತಾರಾ!

ಆರು ಗಂಟೆಗೆ ಒಂದು ಸಂಗತಿ ನಡೆಯಿತು. ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಶುರುವಾಯಿತು. ಅಲ್ಲಿ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಸಾರ್ವಜನಿಕ ಜಾಗಗಳಲ್ಲಿ ಅದನ್ನು ಹಾಕುತ್ತಾರೆ. ಅಷ್ಟು ದೊಡ್ಡ ಸಂತೆ ನಿಂತಲ್ಲೇ ನಿಂತಿತು. ಚೌಕಾಸಿ ಮಾಡುತ್ತಿದ್ದವಳು ಬಾಯಿ ಮುಚ್ಚಿದಳು. ಒಲೆಯ ಮುಂದಿದ್ದವರೂ ಎದ್ದು ನಿಂತರು. ಭಾವ ಅಣಬೆಯ ಕಡ್ಡಿ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಿದ್ದರು, ಸರ್ಕಾರಿ ನೌಕರಿಯ ಅಭ್ಯಾಸ. ಗೀತೆ ಮುಗಿದದ್ದೇ ತಡ, ಯಾರೋ ಸ್ವಿಚ್ಚು ಹಾಕಿದ ಹಾಗೆ ಗದ್ದಲ ಮತ್ತೆ ಶುರು. ಅಣಬೆಯ ಒಂದು ತುಂಡು ಅಷ್ಟರಲ್ಲಿ ನಾಯಿಯ ಪಾಲಾಗಿತ್ತು.

ಕುಡಿಯುವುದಕ್ಕೆ ಶಂಖಪುಷ್ಪದ ನೀಲಿ ಷರಬತ್ತು ಇದೆ, ನಿಂಬೆ ಹಿಂಡಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ರುಚಿ ಏನೂ ಇಲ್ಲ, ಫೋಟೊಗೆ ಚೆನ್ನ. ಬಿಲ್ವದ ಕಾಯಿ ಒಣಗಿಸಿ ಕುದಿಸಿದ ಕಷಾಯ ನನಗೆ ಅದಕ್ಕಿಂತ ಹಿಡಿಸಿತು. ಶಿವನಿಗೆ ಪತ್ರೆ ಏರಿಸುತ್ತೇವೆ, ಕಾಯಿಯನ್ನು ಮರದಲ್ಲೇ ಬಿಡುತ್ತೇವೆ ಅಲ್ವಾ ಅಂತ ಭಾವ ಲೆಕ್ಕ ಹಾಕುತ್ತಿದ್ದರು.

ವಾಪಸ್ ಬರುವಾಗ ರೊಟ್ಟಿಯವನು ಸಿಕ್ಕಿದ. ಥಾಯ್ ಭಾಷೆಯಲ್ಲೂ ಅದಕ್ಕೆ ರೋಟಿ ಅಂತಲೇ ಹೆಸರು. ಮೈದಾ ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ ಕಾಗದದಷ್ಟು ತೆಳ್ಳಗೆ ಮಾಡಿ, ಬಾಳೆಹಣ್ಣು ಹಾಕಿ ಮಡಚಿ, ಮೇಲೆ ಗಟ್ಟಿ ಹಾಲು ಸುರಿಯುತ್ತಾನೆ. ಸಾಮಾನ್ಯವಾಗಿ ಬಾಳೆಹಣ್ಣಿನ ಜೊತೆ ಮೊಟ್ಟೆಯೂ ಒಳಗೆ ಹೋಗುತ್ತದೆ. "ಮಾಯ್ ಸಾಯ್ ಖಾಯ್", ಮೊಟ್ಟೆ ಹಾಕಬೇಡಿ ಅನ್ನಬೇಕು. ಇಂಡಿಯಾ ಅಂತ ತಿಳಿದಾಗ ಅವನು ಸ್ವಲ್ಪ ಇಂಗ್ಲಿಷಿನಲ್ಲಿ ಮಾತಾಡಿದ. ಅವನ ಅಜ್ಜನ ತಂದೆ ಬಂಗಾಳದ ಕಡೆಯಿಂದ ದನ ಹೊಡೆದುಕೊಂಡು ಬರ್ಮಾ ದಾಟಿ ಬಂದವರಂತೆ. ಅವನು ಇಂಡಿಯಾ ನೋಡಿಲ್ಲ. ಅಕ್ಕನ ರೊಟ್ಟಿಗೆ ಹಂಚು ಒರೆಸಿ, ಬೇರೆ ಸಟ್ಟುಗ ತೆಗೆದ. ಅವಳು ಕೇಳಿರಲೇ ಇಲ್ಲ.

ಸೋಮವಾರ, ಚಾಂಗ್ ಫುವಕ್ ಬಾಗಿಲು

ನೈಟ್ ಬಜಾರ್ ಅಂತ ಹೆಸರಾದ ಚಾಂಗ್ ಖ್ಲಾನ್ ರಸ್ತೆಗೆ ಒಂದು ಸುತ್ತು ಹಾಕಿದೆವು. ಅಲ್ಲಿನ ಗಾಡಿಗಳೆಲ್ಲ ನಮ್ಮಂಥವರಿಗಾಗಿಯೇ. ಮೆನು ಇಂಗ್ಲಿಷಿನಲ್ಲಿದೆ, ಖಾರ ಕಡಿಮೆ, ದರ ಜಾಸ್ತಿ. ಕೋಟೆಯ ಉತ್ತರದ ಚಾಂಗ್ ಫುವಕ್ ಬಾಗಿಲಿನ ಹತ್ತಿರ ಸಂಜೆ ಹರಡುವ ಸಂತೆ ಬೇರೆಯೇ. ಕೆಲಸ ಮುಗಿಸಿ ಬಂದವರು ಸ್ಕೂಟರ್ ನಿಲ್ಲಿಸಿ ಉಂಡು ಹೋಗುವ ಜಾಗ. ಕಂದಕದ ಆಚೆ ವಾಹನ ಓಡುತ್ತಿರುತ್ತವೆ, ಈಚೆ ಮೇಜು ಕುರ್ಚಿ.

ಇಲ್ಲಿ ಎಲ್ಲರಿಗೂ ಗೊತ್ತಿರುವುದು ಕೌಬಾಯ್ ಟೋಪಿ ಹಾಕಿಕೊಂಡ ಹೆಂಗಸಿನ ಹಂದಿ ಕಾಲಿನ ಅನ್ನ. ಗಂಟೆಗಟ್ಟಲೆ ಬೆಂದು ಕಂದಾದ ಮಾಂಸವನ್ನು ಕತ್ತಿಯಲ್ಲಿ ಟಕಟಕ ಕೊಚ್ಚಿ, ಅನ್ನದ ಮೇಲೆ ಹರಡಿ, ಅರ್ಧ ಬೆಂದ ಮೊಟ್ಟೆ, ಉಪ್ಪಿನಕಾಯಿ ಹಾಕಿದ ಸಾಸಿವೆ ಸೊಪ್ಪು ಇಟ್ಟು ಕೊಡುತ್ತಾರೆ. ಜೊತೆಗೆ ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಸಾಲು ಉದ್ದ, ಆದರೆ ಬೇಗ ಕರಗುತ್ತದೆ. ಭಾವ ತಟ್ಟೆ ಮುಗಿಸುವ ತನಕ ಮಾತಾಡಲಿಲ್ಲ. ಕೊಬ್ಬು ಬಾಯಲ್ಲಿ ನಿಲ್ಲುವುದೇ ಇಲ್ಲ, ಆಗಾಗ ಆ ಸೊಪ್ಪಿನ ಹುಳಿ ಬಂದು ಇನ್ನೊಂದು ತುತ್ತಿಗೆ ಜಾಗ ಮಾಡುತ್ತದೆ.

ಅಕ್ಕ ಪಕ್ಕದ ಸುಕಿ ಗಾಡಿಯಲ್ಲಿ ತರಕಾರಿ, ಗಾಜಿನಂಥ ನೂಡಲ್ಸ್ ನೋಡಿ ಆಸೆಪಟ್ಟಳು. ಕಾದು ನಿಂತಳು. ಸೌಟು ಹಂದಿ ಮೂಳೆಯ ಸಾರಿನ ಪಾತ್ರೆಗೆ ಇಳಿಯಿತು. ಅವಳು ಮುಂದಕ್ಕೆ ಹೋದಳು. ಸುಟ್ಟ ಜೋಳ, ಸಿಹಿಗೆಣಸಿನ ಹಿಟ್ಟಿನ ಕರಿದ ಸಣ್ಣ ಉಂಡೆ, ಬಾಳೆಲೆಯಲ್ಲಿ ಸುತ್ತಿ ಕೆಂಡದಲ್ಲಿ ಸುಟ್ಟ ಅಂಟನ್ನ, ಎಲ್ಲ ತಂದು ನಮ್ಮ ಮೇಜಿನಲ್ಲೇ ಹರಡಿ ಕೂತಳು. ಯಾರೂ ಏನೂ ಅನ್ನಲಿಲ್ಲ. ಒಂದು ಗಾಡಿಯಲ್ಲಿ ಏನಾದರೂ ತೆಗೆದುಕೊಂಡರೆ ಅದರ ಮೇಜಿನಲ್ಲಿ ಬೇರೆ ಕಡೆಯದ್ದನ್ನೂ ತಿನ್ನಬಹುದು.

ಎದ್ದು ಹೊರಟಾಗ ಮೂಲೆಯಲ್ಲಿ ಒಂದು ಸಣ್ಣ ಗಾಡಿ, ಬಿಳಿ ಟ್ಯೂಬ್‌ಲೈಟು, ತಟ್ಟೆಗಳಲ್ಲಿ ಕರಿದ ಹುಳಗಳು. ಮಿಡತೆ, ಚಿಮ್ಮಂಡೆ, ಬಿದಿರಿನ ಬಿಳಿ ಹುಳ. ಪ್ರವಾಸಿಗಳು ಫೋಟೊ ತೆಗೆದುಕೊಂಡು ಕಿರುಚಿ ಓಡುತ್ತಿದ್ದರು. ಭಾವ ಮಾತ್ರ ಕೊನೆಯ ತಟ್ಟೆಗೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡರು.

"ಇದು ಪ್ಯೂಪಾ ಕಣಯ್ಯಾ. ನಮ್ಮದೇ."

ಭಾವ ರೇಷ್ಮೆ ಇಲಾಖೆಯಲ್ಲಿದ್ದವರು. ರೇಷ್ಮೆ ಗೂಡನ್ನು ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳ. ರಾಮನಗರದ ಫಿಲೇಚರುಗಳ, ಅಂದರೆ ನೂಲು ಬಿಚ್ಚುವ ಕಾರ್ಖಾನೆಗಳ ಹಿಂದೆ ಅದರದ್ದೇ ರಾಶಿ, ಅದರದ್ದೇ ವಾಸನೆ. ನಮ್ಮಲ್ಲಿ ಎಣ್ಣೆ ತೆಗೆಯುತ್ತಾರೆ, ಮೀನಿಗೆ, ಕೋಳಿಗೆ ಮೇವಾಗಿ ಹೋಗುತ್ತದೆ. ಗಾಡಿಯವಳು ಈಸಾನ್ ಕಡೆಯವಳು, ಈಶಾನ್ಯದ ರೇಷ್ಮೆ ಸೀಮೆ. ಫೋನಿನ ಅನುವಾದದಲ್ಲಿ ಇಬ್ಬರೂ ಮಾತಿಗೆ ಕೂತರು. ನಾನು, ಅಕ್ಕ ಕಂದಕದ ಕಟ್ಟೆ ಮೇಲೆ ಕಾದೆವು. ಗಾಡಿಯವಳ ಅಮ್ಮ ಮನೆಯಲ್ಲೇ ಹಳದಿ ಗೂಡು ಬೆಳೆಯುತ್ತಾಳಂತೆ. ನೂಲು ತೆಗೆಯುತ್ತ ತೆಗೆಯುತ್ತಲೇ ಬಿಸಿ ಪ್ಯೂಪಾ ಬಾಯಿಗೆ ಹಾಕಿಕೊಳ್ಳುತ್ತಾರಂತೆ, ಮಕ್ಕಳು ಅದಕ್ಕೇ ಒಲೆ ಸುತ್ತ ಕೂರುತ್ತಾರಂತೆ. ಭಾವ ನಮ್ಮ ಗೂಡಿನ ಮಾರುಕಟ್ಟೆಯ ಹರಾಜಿನ ವಿಡಿಯೊ ತೋರಿಸಿದರು. ಅವಳು ಕೆ.ಜಿ. ಗೂಡಿಗೆ ಎಷ್ಟು ಅಂತ ಕೇಳಿದಳು. ಅವರು ಹೇಳಿದರು. ಅವಳು ಬಾತಿಗೆ ತಿರುಗಿಸಿ ಲೆಕ್ಕ ಹಾಕಿದಳು. ನಮ್ಮಲ್ಲಿ ಇದು ಮೀನಿನ ಮೇವು ಅಂತ ಭಾವ ಹೇಳಿದ್ದನ್ನು ಅವಳು ಫೋನಿನಲ್ಲಿ ಓದಿ, ಇನ್ನೊಮ್ಮೆ ಓದಿ, ಪಕ್ಕದ ಗಾಡಿಯವನಿಗೂ ಕೂಗಿ ಹೇಳಿದಳು. ಇಬ್ಬರೂ ನಕ್ಕರು.

ಆಮೇಲೆ ಅವಳು ಒಂದು ಚಮಚ ಪ್ಯೂಪಾ ಕಾಗದಕ್ಕೆ ಹಾಕಿ, ಉಪ್ಪುನೀರು ಚಿಮುಕಿಸಿ, ಬಿಳಿ ಮೆಣಸಿನ ಪುಡಿ ಉದುರಿಸಿ ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ. ಭಾವ ನಿಧಾನಕ್ಕೆ ಅಗಿದರು. "ಹೊರಗೆ ಗರಿ, ಒಳಗೆ ಮೆತ್ತಗೆ. ವಾಸನೆ ಆಫೀಸಿನದ್ದೇ" ಅಂದರು. ನಾನೂ ಒಂದು ತಿಂದೆ, ಕೆಟ್ಟದ್ದೇನಲ್ಲ. ಸೆವೆನ್ ಇಲೆವೆನ್‌ನಲ್ಲಿ ಇದರದ್ದೇ ಪ್ಯಾಕೆಟ್ ಸಿಗುತ್ತದೆ ಅಂತ ಅವಳೇ ಹೇಳಿದಳು. ಭಾವ ಅಲ್ಲಿಗೆ ಹೋಗಿ ಹಳೆ ಸಹೋದ್ಯೋಗಿಗಳಿಗೆ ಕೊಡಲು ಅಂತ ಕೈತುಂಬ ಪ್ಯಾಕೆಟ್ ತಂದರು.

"ನಿಮ್ಮ ಬ್ಯಾಗಲ್ಲಿ ಇಟ್ಕೊಳ್ರೀ" ಅಂದಳು ಅಕ್ಕ. "ನನ್ನ ಬ್ಯಾಗಲ್ಲಿ ಅವಲಕ್ಕಿ ಇದೆ."